ಹಳೆ ಇಂಟರ್‌ಕೂಲರ್‌ಗೆ ಎಷ್ಟು ಹೇಳಬಹುದು? ಆಕ್ಟೇವಿಯಾ ವಿಆರ್‌ಎಸ್ 230ರಿಂದ ಬಿಚ್ಚಿದ್ದು

ಶಿವಮೊಗ್ಗ_ವಿಆರ್‌ಎಸ್
ಎಲ್ಲರಿಗೂ ನಮಸ್ಕಾರ. ನನ್ನ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 (ಆಕ್ಟೇವಿಯಾ ಕಾರಿನ ಜೋರಿನ ಮಾದರಿ) ಮಾರಾಟಕ್ಕಿಟ್ಟಿದ್ದೇನೆ. ನೋಡಲು ಬಂದವರೆಲ್ಲ ಹೇಳುವುದು ಒಂದೇ ಮಾತು: "ಸ್ಟಾಕ್ ಮಾಡಿ ಕೊಡಿ ಸರ್." ಮಾಡಿಫಿಕೇಶನ್‌ಗೆ ಅಂತ ಯಾರೂ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ. ಅದಕ್ಕೇ ಟ್ಯೂನ್ (ಶಕ್ತಿ ಏರಿಸುವ ಇಂಜಿನ್ ಸಾಫ್ಟ್‌ವೇರ್) ತೆಗೆಸಿ, ನಾನು ಹಾಕಿಸಿದ್ದ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ಇಂಜಿನ್‌ಗೆ ಹೋಗುವ ಮೊದಲು ತಂಪು ಮಾಡುವ ಭಾಗ) ಬಿಚ್ಚಿಸಿ, ಕಂಪನಿಯದ್ದನ್ನೇ ವಾಪಸ್ ಕೂರಿಸಿದ್ದೇನೆ.

ಬಿಚ್ಚಿದ್ದು ಜರ್ಮನಿಯ ಹೆಸರಾಂತ ಬ್ರಾಂಡಿನ ಫ್ರಂಟ್‌ಮೌಂಟ್ ಕಿಟ್, ಅಂದರೆ ಗಾಡಿಯ ಎದುರಿಗೆ ಕೂರುವಂಥದ್ದು. ಬಾರ್ ಆಂಡ್ ಪ್ಲೇಟ್ ಕೋರ್ (ದಪ್ಪ ಪಟ್ಟಿ, ತಗಡು ಪೇರಿಸಿ ಮಾಡಿದ ನಡುಭಾಗ). 2021ರಲ್ಲಿ ಹೊಸದಾಗಿ ತರಿಸಿದ್ದು, ಸುಂಕ ಎಲ್ಲ ಸೇರಿ 1,18,000 ರೂಪಾಯಿ ಬಿತ್ತು. ಬಿಲ್ ಇದೆ. ಎದುರಿನ ಮುಖದಲ್ಲಿ ಕೆಳಗಿನ ಎರಡು ಸಾಲು ಫಿನ್ (ಶಾಖ ಹೊರಬಿಡುವ ತೆಳು ಅಲ್ಯೂಮಿನಿಯಂ ಎಲೆಗಳು) ಕಲ್ಲು ಬಡಿದು ಅಲ್ಲಲ್ಲಿ ಮಡಚಿವೆ. ಹೋಸ್ ಎರಡೂ ಇವೆ. ಬ್ರಾಕೆಟ್ ಇವೆ. ಒಂದು ಕ್ಲ್ಯಾಂಪ್ ಎಲ್ಲೋ ಹೋಗಿದೆ.

ನಾನು 95,000 ಅಂದುಕೊಂಡಿದ್ದೇನೆ. ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು 30,000 ಕೊಡ್ತೀನಿ ಅಂದರು. ಇದು ಚೌಕಾಸಿಯೋ ತಮಾಷೆಯೋ ಗೊತ್ತಾಗಲಿಲ್ಲ. ಸರಿಯಾದ ಬೆಲೆ ಎಷ್ಟು?

ಬೂಸ್ಟ್_ಬೇಕು
95 ಸಾವಿರಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಹೊಸದೇ ಬರುತ್ತಲ್ಲ ಗುರು. ಹಳೇದು ಯಾಕೆ ತಗೋಬೇಕು?

ಶಿವಮೊಗ್ಗ_ವಿಆರ್‌ಎಸ್
ಹೊಸದು ಈಗ ಎಷ್ಟು ಬೀಳುತ್ತೆ ಅನ್ನೋದೇ ನನಗೂ ಬೇಕಾಗಿರುವುದು. ಜಿಎಸ್‌ಟಿ ಇಳಿದಿದೆ ಅಂತಾರೆ. ಹಾಗಾದರೆ ಹೊಸದು ಅಗ್ಗ ಆಗಿರಬೇಕು, ಅಲ್ವಾ?

ಸುಂಕದ_ಲೆಕ್ಕ
ಆಮದು ಕೆಲಸದಲ್ಲೇ ಇರುವುದರಿಂದ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಮಾಲಿಗೆ 800 ಯೂರೊ, ಸಾಗಾಟಕ್ಕೆ 100 ಯೂರೊ ಅಂತ ಇಟ್ಟುಕೊಳ್ಳಿ. ಮೂಲ ಆಮದು ಸುಂಕ ಶೇ. 15, ಆ ಸುಂಕದ ಶೇ. 10ರಷ್ಟು ಸೋಷಿಯಲ್ ವೆಲ್‌ಫೇರ್ ಸರ್ಚಾರ್ಜ್, ಕೊನೆಯಲ್ಲಿ ಐಜಿಎಸ್‌ಟಿ (ಆಮದಿಗೆ ಕಟ್ಟುವ ಜಿಎಸ್‌ಟಿ) ಅಂತ ಹಿಡಿದಿದ್ದೇನೆ.

2021ರಲ್ಲಿ ಯೂರೊಗೆ 88 ರೂಪಾಯಿ ಅಂದರೆ 900 ಯೂರೊಗೆ 79,200. ಸುಂಕ 11,880. ಸರ್ಚಾರ್ಜ್ 1,188. ಅಲ್ಲಿಗೆ 92,268. ಆಗ ಬಿಡಿಭಾಗಕ್ಕೆ ಐಜಿಎಸ್‌ಟಿ ಶೇ. 28 ಇತ್ತು. ಅದು 25,835. ಒಟ್ಟು 1,18,000 ಚಿಲ್ಲರೆ. ನಿಮ್ಮ ಬಿಲ್ಲಿಗೆ ಹೆಚ್ಚುಕಮ್ಮಿ ತಾಳೆಯಾಗುತ್ತದೆ ನೋಡಿ.

ಈಗಿನದಕ್ಕೆ ಬನ್ನಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ. 18. ಹತ್ತು ಪರ್ಸೆಂಟ್ ಕಡಿಮೆ. ಆದರೆ ಯೂರೊ ನೂರು ದಾಟಿ ಹೋಗಿದೆ. 104 ಅಂತ ಹಿಡಿದರೆ 900 ಯೂರೊಗೆ 93,600. ಸುಂಕ, ಸರ್ಚಾರ್ಜ್ ಸೇರಿ 1,09,044. ಶೇ. 18 ಐಜಿಎಸ್‌ಟಿ 19,628. ಒಟ್ಟು 1,28,672.

ಅಂದರೆ ತೆರಿಗೆ ಇಳಿದರೂ ಮಾಲು ಹತ್ತು ಸಾವಿರ ತುಟ್ಟಿಯಾಗಿದೆ. ಸರ್ಕಾರ ಬಿಟ್ಟಿದ್ದನ್ನು ರೂಪಾಯಿ ನುಂಗಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ನಿಮ್ಮ 1,18,000ದ ಬಿಲ್‌ಗೂ ಇವತ್ತಿನ ಬೆಲೆಗೂ ಸಂಬಂಧ ಇಲ್ಲ. ಕೊಳ್ಳುವವನು ಹೋಲಿಸಿ ನೋಡುವುದು ಇವತ್ತು ಹೊಸದಕ್ಕೆ ಅವನ ಜೇಬಿನಿಂದ ಎಷ್ಟು ಹೋಗುತ್ತದೆ ಅನ್ನುವುದನ್ನು ಮಾತ್ರ. ಬಿಲ್ ಬೇಕಾಗುವುದು ಮಾಲು ಅಸಲಿ ಅಂತ ತೋರಿಸಲಿಕ್ಕೆ.

ಬೂಸ್ಟ್_ಬೇಕು
ಸರಿ, ಹಾಗಾದರೆ 1,28,000ದ ಅರ್ಧ 64,000. ಸೆಕೆಂಡ್ ಹ್ಯಾಂಡ್ ಅಂದರೆ ಅರ್ಧ ಬೆಲೆ. ಮುಗೀತು.

ಪೀಣ್ಯ_ಆರ್ಗಾನ್
ಅರ್ಧ ಬೆಲೆ ಅಂತ ಕಣ್ಣು ಮುಚ್ಚಿ ಹೇಳಬೇಡಿ ಅಣ್ಣ. ನಾನು ಪೀಣ್ಯದಲ್ಲಿ ರೇಡಿಯೇಟರ್, ಅಲ್ಯೂಮಿನಿಯಂ ಟ್ಯಾಂಕ್ ವೆಲ್ಡಿಂಗ್ ಕೆಲಸ ಮಾಡುವವನು. ಹೊರಗಿನಿಂದ ಫಳಫಳ ಹೊಳೆಯುವ ಇಂಟರ್‌ಕೂಲರ್ ಗುಜರಿಗೆ ಹಾಕುವ ಹಾಗಿರುತ್ತದೆ. ಮುಖ ಎಲ್ಲ ಕಲ್ಲೇಟು ತಿಂದದ್ದು ಒಳಗೆ ಚಿನ್ನದ ಹಾಗಿರುತ್ತದೆ.

ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದ್ದಲ್ಲ. ಬಿಚ್ಚಿದ್ದು ಯಾಕೆ ಅಂತ ಕೇಳಿ. ಗಾಡಿ ಮಾರಲು ಬಿಚ್ಚಿದ್ದರೆ ಒಳ್ಳೆಯದು. ಇನ್ನೂ ದೊಡ್ಡದು ಹಾಕಿಸಲು ಬಿಚ್ಚಿದ್ದರೂ ಪರವಾಗಿಲ್ಲ. ಟರ್ಬೊ ಹೋಗಿದೆ ಅಂತ ಬಿಚ್ಚಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಕಾರಣ ಹೇಳ್ತೀನಿ. ಟರ್ಬೊ ಬೇರಿಂಗ್ ಸವೆದರೆ ಶಾಫ್ಟ್ ಅಲುಗಾಡುತ್ತದೆ. ಕಂಪ್ರೆಸರ್ ಚಕ್ರದ ಅಂಚು ಹೌಸಿಂಗ್‌ಗೆ ಉಜ್ಜುತ್ತದೆ. ಅಲ್ಲಿಂದ ಉದುರಿದ ಅಲ್ಯೂಮಿನಿಯಂ ಪುಡಿ ಗಾಳಿಯ ಜೊತೆ ಸೀದಾ ಇಂಟರ್‌ಕೂಲರ್‌ಗೆ ಬರುತ್ತದೆ. ಸೀಲ್ ದಾಟಿದ ಎಣ್ಣೆಯೂ ಅಲ್ಲಿಗೇ ಬರುತ್ತದೆ. ಎರಡೂ ಸೇರಿ ಒಳಗಿನ ಸಣ್ಣ ಫಿನ್‌ಗಳ ನಡುವೆ ಅಂಟಿ ಕೂರುತ್ತವೆ. ಪೆಟ್ರೋಲ್, ಡೀಸೆಲ್, ಥಿನ್ನರ್ ಏನೇ ಹಾಕಿ ತೊಳೆದರೂ ಪೂರ್ತಿ ಬಂತು ಅಂತ ಯಾರೂ ಗ್ಯಾರಂಟಿ ಕೊಡಲಾರರು. ಇನ್ನೊಬ್ಬರ ಗಾಡಿಗೆ ಹಾಕಿ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿ ಒತ್ತಡ) ಏರಿದ ಮೇಲೆ ಅದು ಸಡಿಲಾಗಿ ಇಂಜಿನ್ ಒಳಗೆ ಹೋಗುತ್ತದೆ. ಇಪ್ಪತ್ತು ಸಾವಿರ ಉಳಿಸಲು ಹೋಗಿ ಇಂಜಿನ್ ಬಿಚ್ಚಿಸಬೇಕಾಗುತ್ತದೆ.

ನೋಡುವ ರೀತಿ ಇಷ್ಟೇ. ಬೆರಳಿಗೆ ಬಿಳಿ ಬಟ್ಟೆ ಸುತ್ತಿ, ಟರ್ಬೊ ಕಡೆಯ ಬಾಯಿಯೊಳಗೆ ಹಾಕಿ ಒರೆಸಿ. ತೆಳ್ಳಗೆ ಎಣ್ಣೆ ಪಸೆ ಬಂದರೆ ಹೆದರಬೇಡಿ. ಇಂಜಿನ್ ಉಸಿರಾಡುವ ಪೈಪಿನಿಂದ ಎಣ್ಣೆ ಆವಿ ಬರುವುದು ಎಲ್ಲ ಟರ್ಬೊ ಗಾಡಿಯಲ್ಲೂ ಇದ್ದದ್ದೇ. ಆ ಬಟ್ಟೆಯನ್ನು ಬಿಸಿಲಿಗೆ ಹಿಡಿಯಿರಿ. ಮಿಣಮಿಣ ಅಂದರೆ ಮಾಲು ಅಲ್ಲೇ ಇಟ್ಟು ಎದ್ದು ಬನ್ನಿ. ಆಮೇಲೆ ಬಾಯಿ ಕೆಳಗೆ ಮಾಡಿ ಒಂದು ರಾತ್ರಿ ತಟ್ಟೆಯ ಮೇಲೆ ನಿಲ್ಲಿಸಿ. ಒಂದೆರಡು ಚಮಚ ಎಣ್ಣೆ ಇಳಿದರೆ ಮಾಮೂಲಿ. ಅರ್ಧ ಲೋಟ ಇಳಿದರೆ ಆ ಗಾಡಿಯ ಕಥೆ ಬೇರೆ ಇದೆ.

ಶಿವಮೊಗ್ಗ_ವಿಆರ್‌ಎಸ್
ಥ್ಯಾಂಕ್ಸ್ ಅಣ್ಣ. ಟರ್ಬೊ ಚೆನ್ನಾಗಿದೆ, ಅದೇ ಟರ್ಬೊ ಜೊತೆಗೇ ಗಾಡಿ ಮಾರ್ತಿರೋದು. ಬಟ್ಟೆ ಪರೀಕ್ಷೆ ಮಾಡಿ ಫೋಟೊ ಹಾಕ್ತೀನಿ. ಸೋರಿಕೆ ನೋಡೋದು ಹೇಗೆ? ಶೋರೂಮ್ ಕಡೆ ಹೋದರೆ ಬಿಚ್ಚಿದ ಮಾಲನ್ನು ಮುಟ್ಟುವುದಿಲ್ಲ ಅಂತಾರೆ.

ಪೀಣ್ಯ_ಆರ್ಗಾನ್
ಶೋರೂಮ್ ಬೇಡ. ಎರಡು ಬಾಯಿಗೂ ಸರಿಯಾಗಿ ಕೂರುವ ರಬ್ಬರ್ ಮುಚ್ಚಳ ಹಾಕಿ ಕ್ಲ್ಯಾಂಪ್ ಬಿಗಿಯಿರಿ. ಒಂದು ಮುಚ್ಚಳಕ್ಕೆ ಟೈರ್ ವಾಲ್ವ್ ಕೂರಿಸಿ. ಪಂಕ್ಚರ್ ಅಂಗಡಿಯ ಗಾಳಿ ಪೈಪಿನಿಂದ 20 ಪಿಎಸ್‌ಐ ತುಂಬಿ. ಟ್ಯಾಂಕಿನ ವೆಲ್ಡಿಂಗ್ ಗೆರೆಗೂ ಕೋರ್ ಮೂಲೆಗಳಿಗೂ ಸೋಪು ನೀರು ಸಿಂಪಡಿಸಿ. ಗುಳ್ಳೆ ಎದ್ದ ಕಡೆ ತೂತು. ಗೇಜ್ ಮುಳ್ಳು ಹತ್ತು ನಿಮಿಷ ಅಲ್ಲಾಡದೆ ನಿಂತರೆ ಮಾಲು ಪಾಸ್. ಮುಚ್ಚಳದ ಎದುರಿಗೆ ಮಾತ್ರ ಯಾರೂ ನಿಲ್ಲಬೇಡಿ. ಹಾರಿದರೆ ಹಲ್ಲು ಹೋಗುತ್ತದೆ. ಗಾಳಿ ಜಾಸ್ತಿ ತುಂಬುವ ಉತ್ಸಾಹವೂ ಬೇಡ.

ವೆಲ್ಡಿಂಗ್ ಗೆರೆಯಲ್ಲಿ ಸೀಳಿದ್ದರೆ ಆರ್ಗಾನ್ ವೆಲ್ಡಿಂಗ್ ಮಾಡಬಹುದು. ಆದರೆ ಎಣ್ಣೆ ಕುಡಿದ ಅಲ್ಯೂಮಿನಿಯಂ ಮೇಲೆ ವೆಲ್ಡಿಂಗ್ ನೆಟ್ಟಗೆ ಕೂರುವುದಿಲ್ಲ, ಸಣ್ಣ ಸಣ್ಣ ತೂತು ಬೀಳುತ್ತವೆ. ಮೊದಲು ಚೆನ್ನಾಗಿ ತೊಳೆದು ಒಣಗಿಸಬೇಕು. ಕೋರ್ ಮಧ್ಯದಲ್ಲೇ ಸೋರಿದರೆ ಮಾಲು ಗುಜರಿ ಅಂತಲೇ ತಿಳಿಯಿರಿ.

ಹೊಸದಾಗಿ ಕಪ್ಪು ಪೇಂಟ್ ಹೊಡೆದಿದ್ದರೂ ಅನುಮಾನ ಪಡಿ. ತೆಳು ಕೋಟ್ ಕಂಪನಿಯವರೇ ಹೊಡೆಯುತ್ತಾರೆ, ಅದು ಸರಿ. ಮೇಲಿಂದ ದಪ್ಪಗೆ ಬಳಿದಿದ್ದರೆ ಶಾಖ ಹೊರಹೋಗುವುದಕ್ಕೂ ಅಡ್ಡಿ, ಕೆಳಗೆ ಏನು ಮುಚ್ಚಿಟ್ಟಿದ್ದಾರೆ ಅನ್ನೋದೂ ಗೊತ್ತಾಗಲ್ಲ.

ಕರಾವಳಿ_ಟರ್ಬೊ
ಇದಕ್ಕೆ ನಮ್ಮ ಕಡೆಯದ್ದೂ ಒಂದು ಸೇರಿಸಿ ಮಾರಾಯ್ರೆ. ಸಮುದ್ರದ ಹತ್ತಿರ ಓಡಿದ ಗಾಡಿಯದ್ದಾದರೆ ಫಿನ್ ಬುಡದಲ್ಲಿ ಬಿಳಿ ಹುಡಿ ಕಟ್ಟಿದೆಯಾ ನೋಡಿ. ಉಪ್ಪು ಗಾಳಿಗೆ ಅಲ್ಯೂಮಿನಿಯಂ ತಿಂದು ಹೋಗುತ್ತದೆ. ಬೆರಳಲ್ಲಿ ಒತ್ತಿದರೆ ಫಿನ್ ಪುಡಿಯಾಗುತ್ತದೆ. ಶಿವಮೊಗ್ಗದ್ದಕ್ಕೆ ಆ ಭಯ ಇಲ್ಲ. ಆದರೆ ಮಳೆಗಾಲದ ಕೆಂಪು ಮಣ್ಣು ಇಂಟರ್‌ಕೂಲರ್‌ಗೂ ಹಿಂದಿನ ಎಸಿ ಕಂಡೆನ್ಸರ್‌ಗೂ ನಡುವೆ ಹೋಗಿ ಕೂತಿರುತ್ತದೆ. ಹಿಂಬದಿಯ ಫೋಟೊ ಹಾಕಿ. ಮಾರುವವರೆಲ್ಲ ಎದುರಿನ ಫೋಟೊ ಮಾತ್ರ ಹಾಕುತ್ತಾರೆ.

ಬೂಸ್ಟ್_ಬೇಕು
ಮಡಚಿದ ಫಿನ್‌ಗೆ ಎಷ್ಟು ಕಡಿಮೆ ಮಾಡಬೇಕು?

ಪೀಣ್ಯ_ಆರ್ಗಾನ್
ಎರಡು ಸಾಲು ತಾನೇ? ಫಿನ್ ಬಾಚಣಿಗೆ ಅಂತ ಸಿಗುತ್ತದೆ, ಎಸಿ ಮೆಕ್ಯಾನಿಕ್ ಹತ್ತಿರ ಇರುತ್ತದೆ. ಅರ್ಧ ಗಂಟೆ ಕೂತು ನಿಧಾನಕ್ಕೆ ಎಳೆದರೆ ನೆಟ್ಟಗಾಗುತ್ತವೆ. ಅದಕ್ಕೆ ಸಾವಿರ, ಎರಡು ಸಾವಿರ ಬಿಡಿ ಸಾಕು. ಬಾರ್ ಆಂಡ್ ಪ್ಲೇಟ್‌ನಲ್ಲಿ ಗಾಳಿ ಹಾದಿಯ ಎದುರಿಗೆ ದಪ್ಪ ಪಟ್ಟಿ ಇರುತ್ತದೆ, ಚಿಕ್ಕ ಕಲ್ಲಿಗೆ ಜಗ್ಗುವುದಿಲ್ಲ. ಇನ್ನೊಂದು ಜಾತಿ, ತೆಳು ಕೊಳವೆಗಳಿಂದ ಮಾಡಿದ ಟ್ಯೂಬ್ ಆಂಡ್ ಫಿನ್ ಆದರೆ ಹುಷಾರು. ಅದು ಹಗುರ, ರೇಡಿಯೇಟರ್‌ಗೆ ಗಾಳಿಯನ್ನೂ ಚೆನ್ನಾಗಿ ಬಿಡುತ್ತದೆ. ಆದರೆ ಟ್ಯೂಬ್ ಗೋಡೆ ತೆಳು. ಕಲ್ಲು ಬಡಿದ ಗುರುತು ಟ್ಯೂಬ್ ಮೇಲೇ ಇದ್ದರೆ ಬೆಲೆ ಮಾತಾಡುವ ಮೊದಲು ಗಾಳಿ ಪರೀಕ್ಷೆ ಆಗಲೇಬೇಕು.

ಥರ್ಮೊ_ಮೇಷ್ಟ್ರು
ಎಲ್ಲರೂ ಮಾಲಿನ ಸ್ಥಿತಿ ಹೇಳುತ್ತಿದ್ದಾರೆ. ಇದು ಕೊಳ್ಳುವವನಿಗೆ ಎಷ್ಟು ಉಪಯೋಗ ಅನ್ನೋದನ್ನೂ ಸ್ವಲ್ಪ ಅಳೆಯೋಣ. ಬೆಲೆ ಅಲ್ಲಿಂದಲೂ ಬರುತ್ತದೆ.

ಹೊರಗೆ 30 ಡಿಗ್ರಿ ಇದೆ. ಟರ್ಬೊ 1.2 ಬಾರ್ ಬೂಸ್ಟ್ ಕೊಡುತ್ತಿದೆ. ಅಂದರೆ ಗಾಳಿಯ ಒತ್ತಡ ಹೆಚ್ಚುಕಮ್ಮಿ 2.2 ಪಟ್ಟು. ಕಂಪ್ರೆಸರ್ ದಕ್ಷತೆ ಶೇ. 70 ಅಂತ ಹಿಡಿದರೆ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 140 ಡಿಗ್ರಿ. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಜೊತೆಗೆ ನಾಕಿಂಗ್ (ಸಿಲಿಂಡರ್ ಒಳಗೆ ಇಂಧನ ತಾನಾಗಿ ಸಿಡಿಯುವುದು) ಭಯ. ನಾಕಿಂಗ್ ಸುಳಿವು ಸಿಕ್ಕ ಕೂಡಲೇ ಇಸಿಯು (ಇಂಜಿನ್ ಕಂಪ್ಯೂಟರ್) ಕಿಡಿ ಹೊತ್ತಿಸುವ ಸಮಯವನ್ನು ಹಿಂದಕ್ಕೆ ಎಳೆಯುತ್ತದೆ. ಗಾಡಿ ಸಪ್ಪೆಯಾಗುತ್ತದೆ.

ಈಗ ಸ್ಟಾಕ್ (ಕಂಪನಿಯದ್ದೇ) ಇಂಟರ್‌ಕೂಲರ್ ಆ ಗಾಳಿಯನ್ನು 65 ಡಿಗ್ರಿಗೆ ಇಳಿಸಿತು, ದೊಡ್ಡದು 45ಕ್ಕೆ ಇಳಿಸಿತು ಅಂದುಕೊಳ್ಳಿ. ಕೆಲ್ವಿನ್‌ನಲ್ಲಿ 338 ಮತ್ತು 318. ಸಾಂದ್ರತೆಯಲ್ಲಿ ವ್ಯತ್ಯಾಸ ಬರೀ ಶೇ. 6. ಅಷ್ಟಕ್ಕೆ ಲಕ್ಷ ರೂಪಾಯಿಯಾ ಅಂತ ಅನ್ನಿಸಬಹುದು. ಒಂದೇ ಒಂದು ಸಲ ಆಕ್ಸಿಲರೇಟರ್ ತುಳಿದು ಬಿಡುವವನಿಗೆ ಅಷ್ಟೇ ಲಾಭ. ಆದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈ ರೇಸ್ ಟ್ರ್ಯಾಕ್‌ನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆಯುವವನಿಗೆ ಲೆಕ್ಕ ಬೇರೆ. ಚಿಕ್ಕ ಕೋರ್ ಬಿಸಿ ಹೀರಿಕೊಂಡು ಅಲ್ಲಿಗೇ ನಿಂತುಬಿಡುತ್ತದೆ, ಪ್ರತಿ ಸುತ್ತಿಗೂ ಶಕ್ತಿ ಇಳಿಯುತ್ತಾ ಹೋಗುತ್ತದೆ. ದೊಡ್ಡ ಕೋರ್ ಮೊದಲ ಸುತ್ತಿನ ಶಕ್ತಿಯನ್ನೇ ನಂತರವೂ ಕೊಡುತ್ತದೆ.

ಹಾಗಾಗಿ ಸ್ಟೇಜ್ 1 ಟ್ಯೂನ್ (ಬರೀ ಸಾಫ್ಟ್‌ವೇರ್ ಬದಲಾವಣೆ) ಹಾಕಿಸಿಕೊಂಡು ಸಿಟಿಯಲ್ಲಿ ಓಡಿಸುವವರು ಇದಕ್ಕೆ 60,000 ಕೊಡುವುದಿಲ್ಲ. ಕೊಡುವವರು ಟ್ರ್ಯಾಕ್‌ಗೆ ಹೋಗುವವರು, ದೊಡ್ಡ ಟರ್ಬೊ ಹಾಕಿಸುವವರು. ಅವರಿಗೆ ತೋರಿಸಲಿಕ್ಕೆ ಓಬಿಡಿ ಲಾಗ್ (ಗಾಡಿಯ ಕಂಪ್ಯೂಟರ್‌ನಿಂದ ತೆಗೆದ ದಾಖಲೆ) ಇದೆಯಾ? ಹೊರಗಿನ ತಾಪಮಾನ, ಇಂಟೇಕ್ (ಇಂಜಿನ್ ಒಳಗೆ ಹೋಗುವ ಗಾಳಿಯ) ತಾಪಮಾನ ಎರಡೂ ಇರುವ ಲಾಗ್ ಇದ್ದರೆ ಬಾಯಿ ಮಾತಿಗಿಂತ ಎಷ್ಟೋ ಮೇಲು.

ಬೂಸ್ಟ್_ಬೇಕು
ಮೇಷ್ಟ್ರೇ, ಹಾಗಾದರೆ ಇದ್ದುದರಲ್ಲಿ ದೊಡ್ಡದನ್ನೇ ಹಾಕಿಸೋದು ವಾಸಿ ಅಲ್ವಾ? ದೊಡ್ಡದಾದಷ್ಟೂ ಬೆಲೆ ಜಾಸ್ತಿ?

ಥರ್ಮೊ_ಮೇಷ್ಟ್ರು
ಇಲ್ಲಪ್ಪ. ಕೋರ್ ದಾಟುವಾಗ ಒತ್ತಡ ಬೀಳುತ್ತದೆ. ಒಂದೆರಡು ಪಿಎಸ್‌ಐ ಬಿದ್ದರೆ ಸರಿ. ಒಳಗಿನ ಫಿನ್ ಕೆಟ್ಟದಾಗಿ ಮಾಡಿದ್ದರೆ ಇನ್ನೂ ಜಾಸ್ತಿ ಬೀಳುತ್ತದೆ. ಅದನ್ನು ಸರಿದೂಗಿಸಲು ಟರ್ಬೊ ಇನ್ನಷ್ಟು ತಿರುಗಬೇಕು, ಇನ್ನಷ್ಟು ಬಿಸಿ ಮಾಡಬೇಕು. ಒಳಗಿನ ಜಾಗ ಜಾಸ್ತಿಯಾದರೆ ತುಂಬಲಿಕ್ಕೂ ಹೊತ್ತು ಬೇಕು. ಎದುರಿಗೆ ಗೋಡೆಯಂಥ ಕೋರ್ ಇಟ್ಟರೆ ಹಿಂದಿರುವ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಗಾಳಿ ಸಾಲದು. ಮೇ ತಿಂಗಳಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎಸಿ ಸಾಕಾಗದಿದ್ದರೆ ಮನೆಯವರು ಬೈಯುವುದು ನಿಮ್ಮನ್ನೇ. ಗಾಡಿಯ ಅಳತೆಗೆ ಅಂತಲೇ ಮಾಡಿದ ಕಿಟ್‌ಗೆ ಇರುವ ಬೆಲೆ, ಎಲ್ಲಕ್ಕೂ ಹೊಂದುತ್ತೆ ಅಂತ ಮಾರುವ ದೊಡ್ಡ ಡಬ್ಬಕ್ಕೆ ಇಲ್ಲ.

ಮಂಡ್ಯ_ಪೋಲೊ
ಅಣ್ಣಂದಿರೇ, ನನ್ನ ಹತ್ತಿರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಇದೆ, 1.2 ಲೀಟರ್ ಟರ್ಬೊ ಪೆಟ್ರೋಲ್. ಇದು ಅದಕ್ಕೆ ಕೂರುತ್ತಾ? 50 ಸಾವಿರಕ್ಕೆ ಕೊಟ್ಟರೆ ತಗೋತೀನಿ.

ಎಂಕ್ಯೂಬಿ_ಹುಬ್ಬಳ್ಳಿ
ಬ್ಯಾಡ್ರೀ. ನಿಮ್ಮ ರೊಕ್ಕ ಉಳಿಸ್ಕೋರಿ. ಪೋಲೊದಾಗ ಎದುರಿಗೆ ಗಾಳಿ ಇಂಟರ್‌ಕೂಲರ್ ಇಲ್ಲ. ಇಂಟೇಕ್ ಮ್ಯಾನಿಫೋಲ್ಡ್ ಒಳಗೇ ನೀರಿನಿಂದ ತಂಪು ಮಾಡುವ ಕೂಲರ್ ಇದೆ. ನಂತರ ಬಂದ 1.0 ಟಿಎಸ್‌ಐದಾಗೂ ಹಂಗೇ. ಆಕ್ಟೇವಿಯಾ 1.4 ಟಿಎಸ್‌ಐ, ಈಗಿನ ವರ್ಟಸ್, ಸ್ಲಾವಿಯಾ ಎಲ್ಲ ಅದೇ ಜಾತಿ. ಇದಕ್ಕೂ ಅದಕ್ಕೂ ತಾಳೆಯೇ ಆಗುವುದಿಲ್ಲ.

ಯಾವುದಕ್ಕೆ ಕೂರುತ್ತದೆ ಅನ್ನೋದೇ ಬೆಲೆಯ ಮುಖ್ಯ ಗುಟ್ಟು. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ವಿಆರ್‌ಎಸ್ 230 ಇರುವುದು ಎಂಕ್ಯೂಬಿ ಪ್ಲಾಟ್‌ಫಾರ್ಮ್ (ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಗಾಡಿಗಳಿಗೆ ಒಂದೇ ಬುನಾದಿ) ಮೇಲೆ, ಇಂಜಿನ್ ಇಎ888 ಮೂರನೇ ತಲೆಮಾರು. ಆ ಇಂಜಿನ್ನಿಗೆ ಮಾಡಿದ ಕಿಟ್‌ಗಳು ಸಾಮಾನ್ಯವಾಗಿ 1.8 ಮತ್ತು 2.0 ಲೀಟರ್ ಎರಡಕ್ಕೂ ಬರುತ್ತವೆ. ನಮ್ಮ ದೇಶದಾಗ ವಿಆರ್‌ಎಸ್ ಎಷ್ಟಿದ್ದಾವು? 2020ರಾಗ ಬಂದ ಆರ್‌ಎಸ್ 245 ಇಡೀ ದೇಶಕ್ಕೆ ಬಂದದ್ದೇ 200. ಅವರಷ್ಟೇ ಗಿರಾಕಿಗಳು ಅಂತ ಕೂತರೆ ಮಾಲು ಗ್ಯಾರೇಜಿನಾಗೇ ಧೂಳು ಹಿಡೀತದೆ. ಆದರೆ ಆಕ್ಟೇವಿಯಾ 1.8 ಟಿಎಸ್‌ಐ, ಎಂಕ್ಯೂಬಿ ಸುಪರ್ಬ್, ಆಮೇಲೆ ಬಂದ 190 ಪಿಎಸ್‌ನ 2.0 ಎಲ್ಲ ಸೇರಿದರೆ ಗಿರಾಕಿ ಬಹಳ ಆಗ್ತಾರೆ. ಜಾಹೀರಾತಿನಾಗ ಬರೀ "ವಿಆರ್‌ಎಸ್ ಇಂಟರ್‌ಕೂಲರ್" ಅಂತ ಹಾಕಬ್ಯಾಡ್ರೀ. ಕಿಟ್‌ನ ಪಾರ್ಟ್ ನಂಬರ್ ಹಾಕಿ, ಯಾವ ಯಾವ ಗಾಡಿಗೆ ಹೊಂದುತ್ತದೆ ಅಂತ ತಯಾರಕರ ಪಟ್ಟಿ ನೋಡಿ ಬರೀರಿ.

ಇನ್ನೊಂದು ವಿಷಯ. 1.8ರವರು ಜಾಸ್ತಿ ಇದ್ದರೂ ಅವರ ಕೈ ಬಿಗಿ. ಆ ಗಾಡಿಯಾಗ ಇರೋದು ಡ್ರೈ ಕ್ಲಚ್‌ನ ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್), ಅದರ ಟಾರ್ಕ್ ಮಿತಿ 250 ನ್ಯೂಟನ್ ಮೀಟರ್. ಟ್ಯೂನ್ ಏರಿಸಲು ಗೇರ್‌ಬಾಕ್ಸ್ ಬಿಡುವುದಿಲ್ಲ. ಅವರು 40,000ದ ಮೇಲೆ ಹತ್ತೋದಿಲ್ಲ. 2.0ದವರು, ಅದರಾಗೂ ಸ್ಟಾಕ್ ಐಎಸ್20 ಟರ್ಬೊ ತೆಗೆದು ಗಾಲ್ಫ್ ಆರ್‌ನ ಐಎಸ್38 ಹಾಕಿಸೋರು, ಅವರೇ ನಿಮ್ಮ ಗಿರಾಕಿ.

ಹಳೆ_ಲಾರಾ
ನನ್ನದು ಸ್ಕೋಡಾ ಲಾರಾ 1.8 ಟಿಎಸ್‌ಐ. ಅದಕ್ಕೂ ಆಗಲ್ವಾ?

ಎಂಕ್ಯೂಬಿ_ಹುಬ್ಬಳ್ಳಿ
ಆಗೂದಿಲ್ಲ. ಲಾರಾ ಅದಕ್ಕೂ ಹಿಂದಿನ ಪಿಕ್ಯೂ35 ಪ್ಲಾಟ್‌ಫಾರ್ಮ್. ಪೈಪ್ ದಾರಿ, ಬ್ರಾಕೆಟ್ ಎಲ್ಲ ಬ್ಯಾರೆ. ಕಡಿದು ಬೆಸೆದು ಕೂರಿಸಿಕೊಡ್ತೀನಿ ಅಂತ ಹೇಳೋ ಗ್ಯಾರೇಜ್ ಇದ್ದೇ ಇರ್ತಾವು, ಕೇಳಬ್ಯಾಡ್ರೀ.

ಡೆಟ್ರಾಯಿಟ್_ಕನ್ನಡಿಗ
ಇಲ್ಲಿನ ಅನುಭವ ಹೇಳ್ತೀನಿ, ಹೋಲಿಸಿ ನೋಡಲು ಉಪಯೋಗ ಆಗಬಹುದು. ಅಮೆರಿಕದಲ್ಲಿ ಬಿಎಂಡಬ್ಲ್ಯು 335ಐ ತುಂಬಾ ಮಾರಾಟವಾಯಿತು. ಮೊದಮೊದಲು ಬಂದವುಗಳಲ್ಲಿ ಎನ್54 ಇಂಜಿನ್, 3 ಲೀಟರ್, ಎರಡು ಟರ್ಬೊ. ಅದರ ಸ್ಟಾಕ್ ಇಂಟರ್‌ಕೂಲರ್ ಚಿಕ್ಕದು, ಎರಡು ಸಲ ಜೋರಾಗಿ ಎಳೆದರೆ ಬಿಸಿಯಾಗಿ ಕೂರುತ್ತದೆ. ಹಾಗಾಗಿ ಟ್ಯೂನ್ ಮಾಡಿದವರೆಲ್ಲ ದೊಡ್ಡ ಫ್ರಂಟ್‌ಮೌಂಟ್ ಹಾಕಿಸಿದರು. ಈಗ ಆ ಗಾಡಿಗಳಿಗೆ ವಯಸ್ಸಾಗಿದೆ. ಬಿಚ್ಚಿ ಬಿಡಿಭಾಗವಾಗಿ ಮಾರುತ್ತಾರೆ. ಇಂಟರ್‌ಕೂಲರ್ ರಾಶಿ ಬಿದ್ದಿದೆ. ಒಳ್ಳೆ ಬ್ರಾಂಡಿನದ್ದಕ್ಕೂ ಹೊಸದರ ಅರ್ಧ ಸಿಕ್ಕರೆ ಪುಣ್ಯ.

ಸುಬಾರು ಡಬ್ಲ್ಯುಆರ್‌ಎಕ್ಸ್ ಕಥೆ ಇನ್ನೂ ಮಜಾ. ಅದರಲ್ಲಿ ಇಂಟರ್‌ಕೂಲರ್ ಇಂಜಿನ್ ಮೇಲೇ ಕೂತಿರುತ್ತದೆ, ಬಾನೆಟ್ ಮೇಲಿನ ಕಿಂಡಿಯಿಂದ ಗಾಳಿ. ಅದರದೇ ಇನ್ನೂ ಜೋರಿನ ಮಾದರಿ ಎಸ್‌ಟಿಐ ಇಟ್ಟುಕೊಂಡವರು ಫ್ರಂಟ್‌ಮೌಂಟ್‌ಗೆ ಹೋದಾಗ ಕಂಪನಿಯದ್ದನ್ನು ಬಿಚ್ಚಿ ಮಾರುತ್ತಿದ್ದರು. ಅದನ್ನು ಹಳೆ ಡಬ್ಲ್ಯುಆರ್‌ಎಕ್ಸ್‌ನವರು ಕಡಿಮೆ ಬೆಲೆಗೆ ಕೊಂಡು ಹಾಕಿಕೊಳ್ಳುತ್ತಿದ್ದರು. ಒಬ್ಬರ ಸ್ಟಾಕ್, ಇನ್ನೊಬ್ಬರಿಗೆ ಅಪ್‌ಗ್ರೇಡ್.

ಭಾರತದಲ್ಲಿ ಪರಿಸ್ಥಿತಿ ಇದಕ್ಕೆ ಉಲ್ಟಾ. ಮಾಲು ಕಡಿಮೆ, ಗಿರಾಕಿಯೂ ಕಡಿಮೆ. ಹಾಗಾಗಿ ಮಾರುಕಟ್ಟೆ ದರ ಅಂತ ಒಂದು ಇರುವುದೇ ಇಲ್ಲ. ಸರಿಯಾದ ಒಬ್ಬ ಮನುಷ್ಯ ಸಿಗುವವರೆಗೆ ಕಾಯಲು ನಿಮಗೆ ಆಗುತ್ತಾ ಇಲ್ವಾ ಅನ್ನೋದೇ ಬೆಲೆ. ಅವಸರ ಇದ್ದರೆ 45, ಮೂರು ತಿಂಗಳು ಕಾಯ್ತೀರಾ ಅಂದರೆ 65.

ಇನ್ನೊಂದು, ಕೊರಿಯರ್ ಖರ್ಚು ಮರೆಯಬೇಡಿ. ತೂಕ 10 ಕೆಜಿ ಇದ್ದರೂ ಪೆಟ್ಟಿಗೆಯ ಗಾತ್ರದ ಮೇಲೆ ದುಡ್ಡು ತಗೋತಾರೆ. 80 ಸೆಂಮೀ ಉದ್ದ, 50 ಅಗಲ, 25 ಎತ್ತರದ ಪೆಟ್ಟಿಗೆ ಅಂದರೆ ಮೂರನ್ನೂ ಗುಣಿಸಿ 5,000ದಿಂದ ಭಾಗಿಸಿ. 20 ಕೆಜಿ ಬಂತು. ವಿದೇಶದಿಂದ ಹಳೆಯದನ್ನು ಅಗ್ಗಕ್ಕೆ ತರಿಸೋಣ ಅನ್ನುವವರ ಲೆಕ್ಕ ಇಲ್ಲೇ ತಪ್ಪುವುದು.

ಸುಂಕದ_ಲೆಕ್ಕ
ಅದರ ಮೇಲೆ ಹಳೆ ಮಾಲಿಗೂ ಸುಂಕ ಕಟ್ಟಬೇಕು. ಬಿಲ್‌ನಲ್ಲಿ ಕಡಿಮೆ ತೋರಿಸಿದರೆ ಕಸ್ಟಮ್ಸ್‌ನವರು ಒಪ್ಪಲೇಬೇಕು ಅಂತೇನಿಲ್ಲ. ಅವರೇ ಮೌಲ್ಯ ಕಟ್ಟುತ್ತಾರೆ. ಊರಲ್ಲೇ ಸಿಗುವ ಹಳೆ ಮಾಲಿಗೆ ಬೆಲೆ ಇರುವುದು ಅರ್ಧ ಈ ಕಾರಣಕ್ಕೆ.

ಜೆಸಿ_ರೋಡ್_ಗಿರಾಕಿ
ಇಷ್ಟೆಲ್ಲ ಯಾಕೆ? ಆನ್‌ಲೈನ್‌ನಲ್ಲಿ ಬ್ರಾಂಡ್ ಇಲ್ಲದ್ದು 20-25 ಸಾವಿರಕ್ಕೆ ಹೊಸದೇ ಸಿಗುತ್ತದೆ. ನೋಡಲು ಎರಡೂ ಒಂದೇ. ಅದಿರುವಾಗ ಹಳೇದಕ್ಕೆ 60 ಯಾರು ಕೊಡ್ತಾರೆ?

ಪೀಣ್ಯ_ಆರ್ಗಾನ್
ನೋಡಲು ಒಂದೇ. ಎತ್ತಿ ನೋಡಿ, ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಒಳ್ಳೆಯದರಲ್ಲಿ ಪ್ರತಿ ಗಾಳಿ ಹಾದಿಯೊಳಗೂ ಒತ್ತೊತ್ತಾಗಿ ಫಿನ್ ಇರುತ್ತದೆ. ಅಗ್ಗದ್ದರಲ್ಲಿ ಹಾದಿ ಅರ್ಧ ಖಾಲಿ. ಗಾಳಿ ಸರಾಗ ಹೋಗುತ್ತದೆ, ಬಿಸಿ ಮಾತ್ರ ಹಾಗೇ ಉಳಿಯುತ್ತದೆ. ಟ್ಯಾಂಕ್ ನೋಡಿ. ಒಳ್ಳೆಯದು ಎರಕ ಹೊಯ್ದದ್ದು, ಗಾಳಿ ಎಲ್ಲ ಸಾಲಿಗೂ ಹಂಚಿ ಹೋಗುವ ಹಾಗೆ ಇಳಿಜಾರು ಇರುತ್ತದೆ. ಅಗ್ಗದ್ದು ತಗಡು ಮಡಚಿ ಡಬ್ಬದ ಹಾಗೆ ಬೆಸೆದದ್ದು, ಗಾಳಿ ಹತ್ತಿರದ ಸಾಲಿಗಷ್ಟೇ ನುಗ್ಗುತ್ತದೆ. ಅಗ್ಗದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಅದು ಹಳೆಯದಾದ ಮೇಲೆ ಅದಕ್ಕೆ ಬೆಲೆ ಅನ್ನೋದೇ ಇಲ್ಲ. ಅಲ್ಯೂಮಿನಿಯಂ ತೂಕಕ್ಕೆ ಹೋಗುತ್ತದೆ.

ಜೆಸಿ_ರೋಡ್_ಗಿರಾಕಿ
ಅದು ಸರಿ ಅನ್ನಿ. ಆದರೂ ಚೌಕಾಸಿಗೆ ಕೂತಾಗ ನಾನು ಅದನ್ನೇ ಹೇಳೋದು. ಮಾರುವವರು ಕೇಳಿಸಿಕೊಳ್ಳಲು ತಯಾರಿರಬೇಕು 😀

ಕಾನೂನು_ಕಿವಿಮಾತು
ಒಂದು ಸಣ್ಣ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ವಾರಂಟಿ, ಇನ್ಶೂರೆನ್ಸ್ ಕ್ಲೇಮ್ ಹೊತ್ತಲ್ಲಿ ತಕರಾರು ಬರಬಹುದು. ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಲಿ. ಮತ್ತೆ ಆ ಲಾಗ್‌ಗಾಗಿ ನೈಸ್ ರಸ್ತೆಯಲ್ಲಿ ಯಾರೂ ಗಾಡಿ ಕಿತ್ತುಕೊಂಡು ಓಡಿಸಬೇಡಿ, ದಯವಿಟ್ಟು.

ಶಿವಮೊಗ್ಗ_ವಿಆರ್‌ಎಸ್
ಎಲ್ಲ ಓದಿದೆ. ಪರೀಕ್ಷೆಗಳೂ ಆದವು. ಬಟ್ಟೆಗೆ ತೆಳು ಎಣ್ಣೆ ಪಸೆ, ಮಿಣುಕು ಇಲ್ಲ. ರಾತ್ರಿ ನಿಲ್ಲಿಸಿದ್ದಕ್ಕೆ ತಟ್ಟೆಯಲ್ಲಿ ಒಂದು ಚಮಚದಷ್ಟು ಇಳಿದಿತ್ತು. 20 ಪಿಎಸ್‌ಐಗೆ ಮುಳ್ಳು ಅಲ್ಲಾಡಲಿಲ್ಲ, ವಿಡಿಯೊ ಇದೆ. ಹಿಂಬದಿಯಲ್ಲಿ ಕೆಂಪು ಮಣ್ಣು ಇದ್ದದ್ದು ನಿಜ, ಕಡಿಮೆ ಪ್ರೆಶರ್ ನೀರಲ್ಲಿ ತೊಳೆದೆ. ಫಿನ್ ನೆಟ್ಟಗೆ ಮಾಡಿಸಿದೆ. ಹಳೆ ಲಾಗ್ ಲ್ಯಾಪ್‌ಟಾಪ್‌ನಲ್ಲಿ ಸಿಕ್ಕಿತು: ಟ್ರ್ಯಾಕ್ ದಿನದ್ದು, ಹೊರಗೆ 33, ಸುತ್ತುಗಳ ಕೊನೆಯಲ್ಲಿ ಇಂಟೇಕ್ 47.

ಹಾಗಾಗಿ ಬೆಲೆ 68,000 ಅಂತ ಹಾಕ್ತಿದ್ದೇನೆ. ಸ್ವಲ್ಪ ಮಾತಾಡಬಹುದು. ಬಿಲ್, ವಿಡಿಯೊ, ಲಾಗ್ ಎಲ್ಲ ಕೊಡ್ತೀನಿ. ಕ್ಲ್ಯಾಂಪ್ ಹೊಸದು ಹಾಕಿಸಿ ಕೊಡ್ತೀನಿ.

ಜೆಸಿ_ರೋಡ್_ಗಿರಾಕಿ
ಲಾಸ್ಟ್ ಎಷ್ಟು?

ಡೆಟ್ರಾಯಿಟ್_ಕನ್ನಡಿಗ
ಬಂತು ನೋಡಿ ರಾಷ್ಟ್ರೀಯ ಪ್ರಶ್ನೆ. ಇಲ್ಲೂ ಇದೇ ಕೇಳ್ತಾರೆ, ಇಂಗ್ಲಿಷಲ್ಲಿ.

ಎಂಕ್ಯೂಬಿ_ಹುಬ್ಬಳ್ಳಿ
68 ಸರಿ ಐತಿ. ಮಾತಾಡಿ 60ರ ಆಸುಪಾಸಿಗೆ ಬಂದು ನಿಲ್ತದೆ. 55ರ ಕೆಳಗೆ ಇಳೀಬ್ಯಾಡ್ರೀ. ಒಂದು ಸಲಹೆ: ಹೋಸ್ ಬ್ಯಾರೆ, ಕೋರ್ ಬ್ಯಾರೆ ಅಂತ ಒಡೆದು ಮಾರಬ್ಯಾಡ್ರೀ. ಹೋಸ್‌ಗೆ ನಾಲ್ಕು ಸಾವಿರ ಸಿಕ್ಕೀತು, ಆದರೆ ಉಳಿದ ಕೋರ್ ಬೆಲೆ ಹದಿನೈದು ಸಾವಿರ ಬೀಳ್ತದೆ. ಬ್ರಾಕೆಟ್, ಹೋಸ್ ಹುಡುಕಿಕೊಂಡು ಅಲೆಯೋದು ಯಾರಿಗೂ ಬ್ಯಾಡ.

ಹಾಸನ_ಐಎಸ್38
ನಮಸ್ಕಾರ ಸರ್. ನನ್ನದೂ 230, ಟರ್ಬೊ ಬದಲಾಯಿಸ್ತಿದ್ದೇನೆ. ಕೋರ್ ದಪ್ಪ ಎಷ್ಟು ಸೆಂಮೀ? ಬಂಪರ್ ಒಳಗಿನ ಪ್ಲಾಸ್ಟಿಕ್ ಕತ್ತರಿಸಬೇಕಾಯಿತಾ? ನಮ್ಮ ಊರಿನ ರಸ್ತೆಯಲ್ಲಿ ಹಂಪ್ ಜಾಸ್ತಿ, ಕೆಳಗೆ ಎಷ್ಟು ಇಳಿದು ಕೂರುತ್ತದೆ ಅನ್ನೋದು ಮುಖ್ಯ. ಇವು ಸರಿ ಇದ್ದರೆ ಭಾನುವಾರ ನಾನೇ ಗಾಡಿಯಲ್ಲಿ ಬಂದು ನೋಡಿ 58ಕ್ಕೆ ತಗೊಂಡು ಹೋಗ್ತೀನಿ. ಕೊರಿಯರ್ ಖರ್ಚು ನಿಮಗೂ ಇಲ್ಲ, ನನಗೂ ಇಲ್ಲ.

ಶಿವಮೊಗ್ಗ_ವಿಆರ್‌ಎಸ್
ಒಳಗಿನ ಪ್ಲಾಸ್ಟಿಕ್ ಎರಡು ಕಡೆ ಸ್ವಲ್ಪ ಕತ್ತರಿಸಬೇಕು, ಹೊರಗಿನಿಂದ ಕಾಣುವುದಿಲ್ಲ. ಸ್ಟಾಕ್ ಬಂಪರ್‌ಗಿಂತ ಕೆಳಗೆ ಇಳಿಯುವುದಿಲ್ಲ. ದಪ್ಪ ಅಳೆದು ಫೋಟೊ ಜೊತೆ ಕಳಿಸ್ತೀನಿ. 60 ಮಾಡಿ, ಕಂಪನಿ ಇಂಟರ್‌ಕೂಲರ್ ವಾಪಸ್ ಹಾಕುವಾಗ ತಂದ ಹೊಸ ಸೀಲ್ ಒಂದು ಜೊತೆ ಉಳಿದಿದೆ, ಅದನ್ನೂ ಕೊಡ್ತೀನಿ. ಮುಂದೆ ನೀವೂ ಗಾಡಿ ಮಾರುವಾಗ ಬೇಕಾಗುತ್ತೆ.

ಹಾಸನ_ಐಎಸ್38
59. ಬೆಳಿಗ್ಗೆ ಹತ್ತಕ್ಕೆ ಬರ್ತೀನಿ. ಗೇಜ್ ನಾನೇ ತರ್ತೀನಿ, ಬೇಜಾರು ಮಾಡ್ಕೋಬೇಡಿ.

ಶಿವಮೊಗ್ಗ_ವಿಆರ್‌ಎಸ್
ಬೇಜಾರೇನಿಲ್ಲ, ತನ್ನಿ. ಭಾನುವಾರದವರೆಗೆ ಇದು ಹಾಸನದವರ ಹೆಸರಿಗೆ. ಬೇರೆಯವರು ಇನ್‌ಬಾಕ್ಸ್‌ಗೆ "ಲಾಸ್ಟ್ ಎಷ್ಟು" ಕಳಿಸಬೇಡಿ.